ಪೋಸ್ಟರಿನ ಬೆನ್ನು

ಒಂದು ತಗಡಿನ ಟ್ರಂಕು ಎಷ್ಟು ಭಾರವಿದ್ದರೆ ಅದರೊಳಗೆ ನಲವತ್ತೊಂದು ಪುಸ್ತಕಗಳಿವೆ ಎಂದು ಎತ್ತುವವರಿಗೆ ಅನ್ನಿಸುತ್ತದೆ? ಹದಿನೈದು ದಿನದಿಂದ ನನ್ನ ತಲೆಯಲ್ಲಿ ಇದೊಂದೇ. ಮಗಳಿಗೆ ಹಾಲು ಕಾಯಿಸುವಾಗಲೂ ಇದೇ. ಅವಳ ಎದೆಗೆ ಕಿವಿಯಿಟ್ಟು ಒಳಗೆ ಸುಂಯ್ ಎನ್ನುತ್ತಿದೆಯೋ ಹೇಗೆ ಎಂದು ಕೇಳುವಾಗಲೂ ಇದೇ. ಮೊದಲು ಅದರಲ್ಲಿ ಅತ್ತೆಯ ಎರಡು ಹಳೆಯ ಕಂಬಳಿ ಮಡಚಿ ಇಟ್ಟೆ. ಎತ್ತಿ ನೋಡಿದೆ, ಹಗುರ. ಹಿತ್ತಲಲ್ಲಿ ಬಿದ್ದಿದ್ದ ರುಬ್ಬುವ ಗುಂಡನ್ನು ತೊಳೆದು ಒರೆಸಿ ಕಂಬಳಿಗಳ ನಡುವೆ ಇಟ್ಟೆ. ಈಗ ಭಾರವೇನೋ ಬಂತು. ಆದರೆ ಸ್ವಲ್ಪ ಓರೆ ಮಾಡಿದರೆ ಗುಂಡು ಉರುಳುತ್ತದೆ. ಪುಸ್ತಕಗಳು ಉರುಳುವುದಿಲ್ಲ.

ಟ್ರಂಕು ನಮ್ಮದಲ್ಲ. ನನ್ನ ಗಂಡ ಆನಂದರ ಸೋದರಮಾವ ಶಿವಲಿಂಗಪ್ಪನವರದು. ಮನೆಮಂದಿಗೆಲ್ಲ ಅವರು ಮಾಮಾ. ನನಗೂ ಹಾಗೆಯೇ ರೂಢಿಯಾಗಿದೆ. ಈಗ ಯಲ್ಲಾಪುರದಲ್ಲಿ, ಅಂಕೋಲಾ ರಸ್ತೆಯ ಒಂದು ಗ್ಯಾರೇಜಿನಲ್ಲಿ ಲಾರಿಗಳ ನಂಬರ್ ಪ್ಲೇಟು ಬರೆಯುತ್ತಾರೆ. ಭಾನುವಾರ ಫೋನು ಮಾಡುವುದು ಅವರ ರೂಢಿ, ಕಳೆದ ಭಾನುವಾರವೂ ಅಲ್ಲಿಂದ ಮಾಡಿದ್ದರು.

"ಸಾವ್ಕಾರ ಗ್ಯಾರೇಜಿನ ಹಿಂದ ಒಂದು ಖೋಲಿ ಕೊಟ್ಟಾನವಾ ಮಹೇಶ್ವರಿ. ಇನ್ನ ನಿಮ್ಮ ಮನ್ಯಾಗ ನನ್ನ ಟ್ರಂಕ್ ಯಾಕ? ಶುಕ್ರವಾರ ಬಂದು ಒಯ್ತೇನಿ. ಡಾಂಬರ್ ಗುಳಗಿ ಹಾಕೀಯೋ ಇಲ್ಲೋ?"

"ಹಾಕಿದೀನಿ ಮಾಮಾ."

ಸುಳ್ಳೇನಲ್ಲ. ಹಾಕಿದ್ದೇನೆ, ಕಂಬಳಿಗೆ.

ಮಾಮಾ ಗುಡ್ನಾಪುರದವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಶಿರಸಿಯ ಟಾಕೀಸಿನಲ್ಲಿ ಪೋಸ್ಟರ್ ಹಚ್ಚುವ ಕೆಲಸಕ್ಕೆ ಸೇರಿದವರು. ಮದುವೆಯಾಗಲಿಲ್ಲ. ಅಕ್ಕ ಪಾರ್ವತವ್ವ, ಎಂದರೆ ನನ್ನ ಅತ್ತೆ, ಶಿರಸಿಯಲ್ಲೇ ಇದ್ದುದರಿಂದ ಅವರ ಮನೆಯಲ್ಲೇ ಉಳಿದರು. ಗುರುವಾರ ಹುಬ್ಬಳ್ಳಿ ಬಸ್ಸಿನ ಮೇಲೆ ಪೋಸ್ಟರಿನ ಸುರುಳಿ ಬರುತ್ತಿತ್ತು. ಆ ಸಂಜೆ ಮೈದಾಹಿಟ್ಟು ಕುದಿಸಿ ಅಂಟು ಮಾಡಿ ಅದಕ್ಕೆ ಮೈಲುತುತ್ತ ಕಲೆಸಬೇಕು. ಇಲ್ಲದಿದ್ದರೆ ಬೀದಿಯ ದನಗಳು ಪೋಸ್ಟರನ್ನು ನೆಕ್ಕಿ ನೆಕ್ಕಿ ಗೋಡೆಯಿಂದ ಕಿತ್ತು ತಿಂದುಬಿಡುತ್ತವಂತೆ. ಮರುದಿನ ಬಕೆಟ್ಟು, ಬ್ರಷ್ಷು, ಸುರುಳಿ ಹಿಡಿದು ಬಸ್ಸು ಹತ್ತುವುದು. ಒಂದು ದಿನ ಬನವಾಸಿ ಕಡೆ, ಒಂದು ದಿನ ಸಿದ್ದಾಪುರದಾಚೆ ಬಿಳಗಿಯವರೆಗೆ, ಇನ್ನೊಂದು ದಿನ ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ಬಾಯಿಗೆ. ಅವರ ಬೆರಳ ಸಂದಿಗಳು ಯಾವಾಗಲೂ ತಿಳಿನೀಲಿ.

ಅವರೊಬ್ಬ ನಟನ ಅಭಿಮಾನಿ. ನಟನ ಹೆಸರು ಮಾತ್ರ ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. "ನಮ್ಮವ್ರು" ಎನ್ನುತ್ತಿದ್ದರು. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಎಂದು ಅತ್ತೆ ನಗುತ್ತಿದ್ದರು. ನಮ್ಮವರ ಪೋಸ್ಟರ್ ಹಚ್ಚುವಾಗ ಗೋಡೆಯನ್ನು ಮೊದಲು ನೀರು ಹಾಕಿ ತೊಳೆಯುವರು. ದೊಡ್ಡ ಪೋಸ್ಟರು ನಾಲ್ಕು ತುಂಡುಗಳಲ್ಲಿ ಬಂದರೆ, "ಮೊದಲ ಕಣ್ಣು ಕೂಡಬೇಕು, ಉಳಿದಿದ್ದು ತಾನ ಕೂಡತೈತಿ" ಎಂದು ಕಣ್ಣಿನಿಂದ ಶುರು ಮಾಡುವರು. ಖಳನ ಮುಖದ ಮೇಲೆ ಬ್ರಷ್ಷು ಎರಡು ಸಲ ಜಾಸ್ತಿ, ಅದೂ ಒರಟಾಗಿ. ಮುಂದಿನ ವಾರ ಬೇರೆ ನಟನ ಚಿತ್ರ ಬಂದರೆ ನಮ್ಮವರ ಮುಖದ ಮೇಲೆ ಹಚ್ಚುವ ಮಾತೇ ಇಲ್ಲ. ಪಕ್ಕದಲ್ಲಿ ಜಾಗ ಹುಡುಕಬೇಕು. ಟಾಕೀಸಿನ ಮ್ಯಾನೇಜರು ಗೋವಿಂದ ಹೆಗಡೆಯವರು ತಲೆ ಚಚ್ಚಿಕೊಳ್ಳುತ್ತಿದ್ದರಂತೆ.

"ನಿಂಗೆಂತ ಮಳ್ಳಾ ಮಾರಾಯಾ? ಹಳೇ ಪಿಕ್ಚರ್ ಹೋಗಿ ತಿಂಗಳಾಯ್ತು. ಜನ ಅದೇ ಇದೆ ಅಂತ ಬಂದು ನನ್ ಕುತ್ತಿಗೆ ಹಿಡೀತ್ರು!"

"ಬರ್ಲಿ ಬಿಡ್ರಿ ಹೆಗಡೇರ. ಬಂದವ್ರು ಇದನ್ನೂ ನೋಡಿ ಹೊಕ್ಕಾರ."

ಒಂದು ಸಲ ನಮ್ಮವರು ಶೂಟಿಂಗಿಗೆಂದು ಕರಾವಳಿಗೆ ಹೋಗುತ್ತಾರೆ ಎಂಬ ಸುದ್ದಿ ಬಂತು. ತೊಂಬತ್ತಾರನೆಯ ಇಸವಿ ಇರಬೇಕು. ಮಾಮಾ ಹಾರ ಹಿಡಿದು ಬೆಳಗಿನಿಂದ ಅರಬೈಲಿನ ತಿರುವಿನಲ್ಲಿ ನಿಂತರು. ಮಧ್ಯಾಹ್ನ ಕಾರು ಬಂತು, ನಿಲ್ಲಲಿಲ್ಲ, ಕರಿ ಗಾಜು ಏರಿಸಿಕೊಂಡೇ ಘಟ್ಟ ಇಳಿಯಿತು. ಮನೆಗೆ ಬಂದವರನ್ನು ಅತ್ತೆ ಕೇಳಿದರಂತೆ, "ಕಂಡ್ರೇನೋ ನಿಮ್ಮವ್ರು?"

"ಗಾಜಿನ್ಯಾಗ ನನ್ನ ಮಾರಿ ಕಂಡತು," ಎಂದರಂತೆ ಮಾಮಾ. ಬೇಸರ ಮಾಡಿಕೊಳ್ಳಲಿಲ್ಲ. ಹಾರವನ್ನು ಟಾಕೀಸಿನ ಗೋಡೆಯ ಪೋಸ್ಟರಿಗೆ ಹಾಕಿ ಊಟಕ್ಕೆ ಕುಳಿತರು.

ಪುಸ್ತಕಗಳು ಶುರುವಾದದ್ದು ತೊಂಬತ್ತೊಂದರಲ್ಲಿ, ನಮ್ಮ ಮಾವ, ಎಂದರೆ ಆನಂದರ ತಂದೆ, ತೀರಿಕೊಂಡ ವರ್ಷ. ಅತ್ತೆಗೆ ಆಗ ನಲವತ್ತೆರಡು. ಅಲ್ಲಿಯವರೆಗೆ ಪ್ರತಿ ಹೊಸ ಚಿತ್ರಕ್ಕೂ ಹೋಗುತ್ತಿದ್ದವರು ಆಮೇಲೆ ಟಾಕೀಸಿನ ಮೆಟ್ಟಿಲು ಹತ್ತಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಅವರ ಕಡೆ ಹಾಗೆಯೇ, ಹೇಳದೆಯೇ ನಡೆಯುತ್ತದೆ. ಮಾಮಾ ಒಂದು ವಾರ ಸುಮ್ಮನಿದ್ದರು. ಎರಡನೆಯ ವಾರ, ಹಚ್ಚಿ ಉಳಿದ ಪೋಸ್ಟರುಗಳನ್ನು ಮನೆಗೆ ತಂದರು. ಪೋಸ್ಟರಿನ ಬೆನ್ನು ಬಿಳಿ, ಖಾಲಿ. ಅದನ್ನು ಕತ್ತರಿಸಿ, ಬೆನ್ನ ಮೇಲೆ ಚೌಕ ಎಳೆದು, ಆ ವಾರದ ಚಿತ್ರವನ್ನು ಬರೆಯತೊಡಗಿದರು. ಪುಟಕ್ಕೆ ಆರು ಚೌಕ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ದಾರಕ್ಕೆ ನೇತುಹಾಕಿರುತ್ತಿದ್ದ ಮಕ್ಕಳ ಚಿತ್ರಕಥೆಗಳನ್ನು ನಿಂತು ನೋಡಿ ನೋಡಿ ಕಲಿತದ್ದು. ಮಾತನ್ನು ಬಾಯಿಂದ ಹೊರಟ ಗುಳ್ಳೆಯೊಳಗೆ ಬರೆಯಬೇಕು. ನಮ್ಮವರ ಮಾತಿನ ಗುಳ್ಳೆ ಎಂದೂ ಅವರ ಮುಖಕ್ಕೆ ತಾಗುವಂತಿಲ್ಲ. ಖಳನದು ಅವನ ಅರ್ಧ ಮುಖವನ್ನೇ ಮುಚ್ಚಿದರೂ ಚಿಂತೆಯಿಲ್ಲ.

ಆಮೇಲೆ ಬಣ್ಣದ ಬದಿಗಳನ್ನು ಒಂದಕ್ಕೊಂದು ಅದೇ ಅಂಟಿನಿಂದ ಅಂಟಿಸಿ, ದಬ್ಬಣದಿಂದ ಹೊಲಿಯುವರು. ಹೊದಿಕೆಯ ಒಳಬದಿಯೇ ಮೊದಲ ಪುಟ, ಹೊರಗೆ ಮಾತ್ರ ಪೋಸ್ಟರಿನ ಬಣ್ಣದ ಬದಿ. ಅದರ ಮೇಲೆ ಹೆಸರಿಲ್ಲ, ಅಂಕಿಯಿಲ್ಲ. "ನಮ್ಮವ್ರ ಮಾರಿ ಮ್ಯಾಲೆ ಶಾಯಿ ಹಚ್ಚಾಕ ನನ್ನ ಕೈ ಬರಂಗಿಲ್ಲ." ಹೀಗಾಗಿ ಮುಚ್ಚಿಟ್ಟ ಪುಸ್ತಕ ಹೊರಗಿನಿಂದ ನೋಡುವವರಿಗೆ ಮಡಚಿಟ್ಟ ಹಳೆಯ ಪೋಸ್ಟರು, ಅಷ್ಟೆ.

ಅತ್ತೆಗೆ ಓದಲು ಬರುತ್ತಿತ್ತು. ಆದರೂ ಮಾಮಾ ಪಕ್ಕದಲ್ಲಿ ಕುಳಿತು ಚೌಕದ ಮೇಲೆ ಬೆರಳಿಟ್ಟು ಹೇಳಬೇಕು, ಇವರು "ಹೂಂ" ಎನ್ನಬೇಕು. ಹೂಂಗುಟ್ಟದಿದ್ದರೆ ಬೆರಳು ಮುಂದಿನ ಚೌಕಕ್ಕೆ ಹೋಗುತ್ತಿರಲಿಲ್ಲ. ಕೊನೆಯ ಪುಟಗಳಿಗೆ ಬಂದಾಗ ಜಗಳ.

"ಏನಲೇ ಶಿವ್ಯಾ, ಅಕಿನ್ನ ಸಾಯಸಾಂವ ಏನು?"

"ಸಿನಿಮಾದಾಗ ಸಾಯ್ತಾಳಬೇ."

"ಸಿನಿಮಾದಾಗ ಸತ್ರ ಸಾಯಲಿ. ಇಲ್ಲಿ ಸತ್ಲಂದ್ರ ನಾಳಿಗೆ ರೊಟ್ಟಿ ಇಲ್ಲ ನೋಡು."

ಹೀಗೆ ಎಷ್ಟೋ ನಾಯಕಿಯರು ನಮ್ಮ ಮನೆಯಲ್ಲಿ ಬದುಕಿಕೊಂಡರು. ಮುಂದೆ ಟೀವಿ ಬಂದು, ಒಂದು ಭಾನುವಾರ ಅದೇ ಚಿತ್ರ ತೋರಿಸಿ, ಅದರಲ್ಲಿ ನಾಯಕಿ ಸತ್ತಾಗ ಅತ್ತೆ ಸಿಟ್ಟಿನಿಂದ ಎದ್ದುಹೋದರಂತೆ. "ಟೀವಿಯವ್ರು ಏನೇನರ ತೋರಸ್ತಾರ," ಎಂದು.

ಇವೆಲ್ಲ ನಾನು ಕಂಡದ್ದಲ್ಲ, ಕೇಳಿದ್ದು. ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಎರಡು ಸಾವಿರದ ಇಸವಿಯಲ್ಲಿ ಮದುವೆಯಾಗಿ ಬಂದಾಗ ಆನಂದ ಬಿಳಗಿಯ ಕಡೆ ಹೈಸ್ಕೂಲು ಮಾಸ್ತರರಾಗಿದ್ದರು. ನಾವು ಅಲ್ಲೇ ಮನೆ ಮಾಡಿದ್ದೆವು. ನಾನು ಕಂಡ ಮಾಮಾ ಎಂದರೆ, ವಾರಕ್ಕೊಮ್ಮೆ ಬಿಳಗಿಯ ಗೋಡೆಗಳನ್ನು ಮುಗಿಸಿ ಬಕೆಟ್ಟು ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದ ಮಾಮಾ.

"ಬಕೆಟ್ ಒಳಗೆ ತರಬೇಡಿ ಮಾಮಾ, ಮಗು ಅಂಬೆಗಾಲಿಡ್ತಾ ಇದೆ. ಮೈಲುತುತ್ತ ವಿಷ."

"ಆತವಾ, ಅದು ಹೊರಗ ಇರ್ಲಿ. ನಾ ಬರಬೋದೋ, ನಾನೂ ವಿಷಾನೋ?"

ಕೈಯನ್ನು ಎರಡು ಸಲ ಸಾಬೂನಿನಿಂದ ತೊಳೆಸದೆ ಮಗುವನ್ನು ಮುಟ್ಟಲು ನಾನು ಬಿಡುತ್ತಿರಲಿಲ್ಲ. ಅವರು ತೊಳೆದು, ಅಂಗೈ ತಿರುಗಿಸಿ ನನಗೆ ತೋರಿಸಿ, ಮಗಳು ಗಂಗಾಳನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಬೆರಳುಗಳಿಂದ ಗಾಳಿಯಲ್ಲಿ ಒಂದು ಚೌಕ ಮಾಡುವರು. ಅದರೊಳಗಿನಿಂದ ಅವಳನ್ನು ನೋಡುತ್ತ ಆ ವಾರದ ಚಿತ್ರ ಹೇಳುವರು. ಮಾತು ಬಾರದ ಆ ಕೂಸು ಮೊದಲು ಕಲಿತದ್ದು "ಹೂಂ" ಅನ್ನುವುದನ್ನು. ನನಗೆ ಅದೂ ಚಿಂತೆಯೇ. ಒಂದೂವರೆ ವರ್ಷವಾದರೂ ಅಮ್ಮ ಎನ್ನದೆ ಹೂಂ ಎನ್ನುತ್ತಾಳಲ್ಲ ಎಂದು ಸಿದ್ದಾಪುರದ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆ.

ಎರಡು ಸಾವಿರದ ಮೂರರ ಕೊನೆಗೆ ಅತ್ತೆ ತೀರಿಕೊಂಡರು. ಮುಂದಿನ ವರ್ಷ ಟಾಕೀಸು ಮುಚ್ಚಿತು. ಮನೆಮನೆಗೆ ಸಿ.ಡಿ. ಬಂದಿತ್ತು. ಗೋಡೆಗೆ ಪೋಸ್ಟರು ಹಚ್ಚಿಸುವವರೂ ಇರಲಿಲ್ಲ, ನಿಂತು ನೋಡುವವರೂ ಇರಲಿಲ್ಲ. ಆನಂದರಿಗೆ ಶಿರಸಿಗೆ ವರ್ಗವಾಗಿ ನಾವು ಅತ್ತೆಯ ಮನೆಗೆ ಬಂದೆವು. ಇರಿ ಎಂದರೂ ಮಾಮಾ ಇರಲಿಲ್ಲ. "ಬ್ರಷ್ ಹಿಡ್ಯಾಕ ಎಲ್ಯಾರ ಹೋಗಬೇಕಲ್ಲ" ಎಂದು ಯಲ್ಲಾಪುರಕ್ಕೆ ಹೊರಟರು. ಟ್ರಂಕನ್ನು ನಮ್ಮ ಮಂಚದ ಕೆಳಗೆ ತಳ್ಳಿ, ಕೊಂಡಿಗೆ ತಂತಿ ಸುತ್ತಿದರು. ಒಳಗೆ ಏನಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊದಿಕೆಯ ಸಂಗತಿ ಆಗ ನನಗೆ ತಿಳಿದಿರಲಿಲ್ಲ, ಪುಸ್ತಕ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದುದು ಶಾಲೆಯ ನೋಟುಬುಕ್ಕು. ಅವನ್ನೆಲ್ಲ ಅವರು ಜೊತೆಗೇ ಒಯ್ದಿರಬೇಕು ಎಂದುಕೊಂಡಿದ್ದೆ.

ಈ ಜೂನಿನಲ್ಲಿ ಗಂಗಾಳಿಗೆ ಉಬ್ಬಸ ಜೋರಾಯಿತು. ಪಕ್ಕೆ ಒಳಗೆ ಹೋಗುವ ಹಾಗೆ ಉಸಿರೆಳೆಯುತ್ತಿದ್ದಳು. "ಮನೇಲಿ ಹಳೇ ಕಾಗದ, ಬೂಸ್ಟು ಹಿಡಿದದ್ದು ಏನಾದ್ರೂ ಇದ್ರೆ ಮೊದ್ಲು ತೆಗೀರಿ," ಎಂದರು ಡಾಕ್ಟರು. ಆನಂದ ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದರು. ನಾನು ಮನೆಗೆ ಬಂದವಳೇ ಮಂಚದ ಕೆಳಗಿನ ಟ್ರಂಕು ಎಳೆದು ತಂತಿ ಬಿಚ್ಚಿದೆ. ಅಂಚೆಲ್ಲ ಬೂದುಬಣ್ಣದ ಬೂಸ್ಟು. ಮೇಲಿನದರಲ್ಲಿ ನಟನ ಅರ್ಧ ಮುಖ, ಅದರ ಕೆಳಗಿನದರಲ್ಲಿ ಒಂದು ಮೋಟಾರ್ ಸೈಕಲ್ಲು, ಅದರ ಕೆಳಗೆ ಯಾರದೋ ಕೈಯಲ್ಲಿ ಕತ್ತಿ. ಮಡಚಿದ ಹಳೆಯ ಪೋಸ್ಟರುಗಳು. ನಾನು ಮೂಗಿಗೆ ಸೆರಗು ಕಟ್ಟಿಕೊಂಡಿದ್ದೆ. ಒಂದನ್ನೂ ತೆರೆದು ನೋಡಲಿಲ್ಲ. ರದ್ದಿಯವನು ಬೀದಿಯಲ್ಲಿ ಕೂಗುತ್ತ ಬಂದಾಗ ಅಷ್ಟನ್ನೂ ಎತ್ತಿಕೊಟ್ಟೆ. ಮಾಮಾರಿಗೆ ಆಮೇಲೆ ಹೇಳಿದರಾಯಿತು, ಪೋಸ್ಟರು ತಾನೆ, ಎಂದುಕೊಂಡೆ.

ಒಂದು ವಾರದಲ್ಲಿ ಉಬ್ಬಸ ಇಳಿಯಿತು. ಕಾಗದ ಹೋದದ್ದಕ್ಕೋ, ಔಷಧಿಗೋ, ಇವತ್ತಿಗೂ ಗೊತ್ತಿಲ್ಲ.

ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ ಬರುವಾಗ ಬಸ್ ನಿಲ್ದಾಣದ ಎದುರು ಗಂಗಾ ಶೇಂಗಾಕ್ಕೆ ಹಟ ಮಾಡಿದಳು. ಅಲ್ಲಿ ದ್ಯಾವಮ್ಮ ಎಂಬವಳು ಬುಟ್ಟಿಯಿಟ್ಟುಕೊಂಡು ಹುರಿದ ಶೇಂಗಾ ಮಾರುತ್ತಾಳೆ. ಕೊಟ್ಟ ಪೊಟ್ಟಣ ದಪ್ಪ ಕಾಗದದ್ದು. ಮನೆಗೆ ಬಂದು ಶೇಂಗಾ ಮುಗಿದ ಮೇಲೆ ಬಿಡಿಸಿದೆ. ಒಳಗೆ ಆರು ಚೌಕಗಳಿದ್ದವು.

ಮೊದಲ ಚೌಕದಲ್ಲಿ ಒಂದು ಕೆರೆ. ಎರಡನೆಯದರಲ್ಲಿ ಕೆರೆಯ ಏರಿಯ ಮೇಲೆ ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗಿ. ಅವಳ ಹಿಂದೆ ಅವಳ ಚಪ್ಪಲಿಯನ್ನು ಎದೆಗವಚಿಕೊಂಡ ಚಿಕ್ಕ ತಮ್ಮ. ಮೂರನೆಯದರಲ್ಲಿ ಅವಳ ಮುಖ ಹತ್ತಿರದಿಂದ. ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀರು. ಆ ಗೀರನ್ನು ನಾನು ಬಲ್ಲೆ. ಹುಡುಗಿಯಾಗಿದ್ದಾಗ ಗುಡ್ನಾಪುರದ ಕೆರೆಯ ಮೆಟ್ಟಿಲಲ್ಲಿ ಬಿದ್ದದ್ದು ಎಂದು ಅತ್ತೆ ನನಗೆ ತೋರಿಸಿದ್ದರು. ನಾಲ್ಕನೆಯ ಚೌಕದಲ್ಲಿ ಗುಳ್ಳೆಯೊಳಗೆ ಮಾತು: "ಶಿವ್ಯಾ, ಅಪ್ಪಗ ಹೇಳಬ್ಯಾಡ. ನಾ ಸಿನಿಮಾಕ್ಕ ಹೊಂಟೀನಿ." ಆಮೇಲಿನದು ಬರಿಯ ದಾರಿ. ಕೊನೆಯದರಲ್ಲಿ ದೂರದ ಧೂಳು, ಬಸ್ಸು ಬರುತ್ತಿರಬೇಕು. ಪುಟದ ಮೂಲೆಯಲ್ಲಿ ಸಣ್ಣಗೆ: ೪೧, ಅದರ ಕೆಳಗೆ ೧.

ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಗೇ ಬಸ್ ನಿಲ್ದಾಣಕ್ಕೆ ಹಿಂದಿರುಗಿದೆ.

"ಇಂಥ ಕಾಗದ ಇನ್ನೂ ಇದೆಯಾ?"

ದ್ಯಾವಮ್ಮ ಅದನ್ನು ತಿರುಗಿಸಿ ನೋಡಿದಳು. "ಇನ್ನೆಲ್ಲಿ ಇರ್ತದೆ ಅಮ್ಮಾ? ಗಟ್ಟಿ ಇತ್ತು, ಚಲೋ ಪೊಟ್ಟಣ ಆಗ್ತಿತ್ತು. ಎಲ್ಲಾ ಖರ್ಚಾಯ್ತು. ನಿಮಗೆಂತಕ್ಕೆ ಅದು?"

"ಸುಮ್ನೆ."

"ಮಗೂಗೆ ಚಿತ್ರ ಬೇಕಾಗಿತ್ತಾ? ಮೊದ್ಲೇ ಹೇಳ್ಬಾರ್ದಾ. ಒಂದ್ರಲ್ಲಿ ಫೈಟಿಂಗು ಭಾರೀ ಚಂದ ಇತ್ತು."

ಅಳು ಬರಲಿಲ್ಲ. ಆಗಲೂ ಬರಲಿಲ್ಲ, ಆಮೇಲೂ ಬಂದಿಲ್ಲ. ಮೈಲುತುತ್ತದ ಅಂಟಿನ ಕಾಗದದಲ್ಲಿ ಮಗು ಶೇಂಗಾ ತಿಂದಳಲ್ಲ ಎಂಬುದು ಹೊಳೆದದ್ದೇ ಮೂರು ದಿನದ ಮೇಲೆ. ಅಂಥದ್ದಕ್ಕೆ ರಾತ್ರಿಯೆಲ್ಲ ಎದ್ದು ಕೂರುವವಳು ನಾನು. ಆ ದಿನ ಸೌತೆಕಾಯಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ.

ಆನಂದರನ್ನು ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ. "ಮಾಮಾ ಒಟ್ಟು ಎಷ್ಟು ಪುಸ್ತಕ ಬರೆದಿದಾರೆ?"

"ನಲವತ್ತು. ನಲವತ್ತೊಂದನೇದು ಅವ್ವ ಓದ್ಲೇ ಇಲ್ಲ. ಆಕಿ ಮಲಗಿದ್ದಾಗ ಬರೀತಿದ್ರು. ಯಾವ ಸಿನಿಮಾ ಮಾಮಾ ಅಂತ ಕೇಳಿದ್ರ ಹೇಳ್ಲಿಲ್ಲ. ಮುಗಿದ ಮ್ಯಾಲೆ ಆಕಿಗೇ ಮೊದ್ಲು ಅಂದ್ರು. ಮುಗಿಯೂದ್ರೊಳಗ ಆಕಿ ಹೋದ್ಲು." ಸಾರು ಬಡಿಸಿಕೊಂಡರು. "ಯಾಕ?"

"ಏನಿಲ್ಲ, ಟ್ರಂಕು ಒರೆಸಿಟ್ಟೆ."

ಆ ಪುಟವನ್ನು ನಮ್ಮ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದೆ. ಹಗಲಲ್ಲಿ ತೆಗೆದು ನೋಡುವುದು, ಇಡುವುದು. ಹೇಳುವುದೇ ಬೇಡ ಎಂದು ಒಂದು ದಿನ, ರದ್ದಿಯವನ ಮೇಲೆ ಹಾಕೋಣ ಎಂದು ಒಂದು ದಿನ, ಮಳೆಗೆ ಸೋರಿ ಹಾಳಾಯಿತು ಎನ್ನೋಣ ಎಂದು ಇನ್ನೊಂದು ದಿನ. ಯಾವುದನ್ನು ಹೇಳಿ ನೋಡಿಕೊಂಡರೂ ನನ್ನ ದನಿ ಒಂದೇ ಥರ ಕೇಳಿಸುತ್ತಿತ್ತು. ಗ್ಯಾರೇಜಿನ ನಂಬರು ಬಾಯಿಪಾಠವಾಗಿತ್ತು. ನಾಲ್ಕು ಅಂಕಿ ಒತ್ತಿ ಇಟ್ಟುಬಿಡುತ್ತಿದ್ದೆ.

ಹೀಗೆ ಗುರುವಾರ ಬಂತು. ಮರುದಿನ ಮಾಮಾ ಬರುವವರು. ಆನಂದ ಶಾಲೆಗೆ ಹೋಗಿದ್ದರು. ಒಗೆದ ಬಟ್ಟೆ ಒಣಹಾಕಿ ಒಳಗೆ ಬಂದರೆ ಗಂಗಾ ಮಂಚದ ಮೇಲೆ ಕುಳಿತಿದ್ದಾಳೆ, ಎದುರಿಗೆ ಆ ಪುಟ. ಮೊದಲ ಚೌಕದ ಮೇಲೆ ಬೆರಳಿಟ್ಟು "ಹೂಂ" ಎಂದಳು. ಎರಡನೆಯದರ ಮೇಲೆ ಬೆರಳು, "ಹೂಂ". ಹಾಗೇ ಆರೂ ಮುಗಿಸಿ, ಕಾಗದ ತಿರುಗಿಸಿದಳು. ಹಿಂದೆ ಹೊದಿಕೆಯ ಬದಿ, ಯಾರದೋ ಭುಜದ ಅಂಗಿ, ಕೆಂಪು ಬಣ್ಣ.

"ಅಮ್ಮಾ, ಮುಂದಿಂದು ಎಲ್ಲಿ?"

"ಇಲ್ಲ ಪುಟ್ಟಾ."

"ಮಾಮಾಜ್ಜನ ಹತ್ರ ಇದ್ಯಾ?"

ನಾನು ಫೋನಿನ ಹತ್ತಿರ ಹೋಗಿ ಅಷ್ಟೂ ಅಂಕಿಗಳನ್ನು ಒತ್ತಿದೆ.

ಎತ್ತಿದವರು ಗ್ಯಾರೇಜಿನ ಸಾವ್ಕಾರರು. ಹಿಂದಿನಿಂದ ಗಾಳಿ ತುಂಬುವ ಯಂತ್ರದ ಸದ್ದು. "ಏ ಶಿವಲಿಂಗಪ್ಪಾ, ಶಿರಸಿ ಫೋನು!" ಎಂದು ಕೂಗಿದರು. ಸ್ವಲ್ಪ ಹೊತ್ತು ಬರಿಯ ಯಂತ್ರ.

"ಏನವಾ? ಇವತ್ತು ಐತವಾರ ಅಲ್ಲಲಾ. ಕೂಸು ಅರಾಮ ಐತಿಲ್ಲ?"

"ಆರಾಮಾಗಿದಾಳೆ. ಮಾಮಾ, ಟ್ರಂಕಲ್ಲಿ ಏನೂ ಇಲ್ಲ."

"ಏನಂದಿ?"

"ಪುಸ್ತಕ ಇಲ್ಲ. ನಾನು ರದ್ದಿಗೆ ಹಾಕ್ಬಿಟ್ಟೆ. ಪೋಸ್ಟರ್ ಅಂದ್ಕೊಂಡೆ. ತೆಗೆದು ನೋಡ್ಲಿಲ್ಲ. ಒಳಗೆ ಕಂಬಳಿ ಇದೆ, ರುಬ್ಬೋ ಗುಂಡು ಇದೆ. ಡಾಂಬರ್ ಗುಳಿಗೆ ಅದಕ್ಕೇ ಹಾಕಿದ್ದು."

ಹೇಳಿ ಮುಗಿಯಿತು. ಹದಿನೈದು ದಿನ ಹೊತ್ತದ್ದು ಹೇಳಲು ಅಷ್ಟೇ ಮಾತು ಸಾಕಾಯಿತು. ಆ ಕಡೆ ಯಾವುದೋ ಲಾರಿ ಹಾರ್ನು ಹಾಕಿ ಹೋಯಿತು. ಫೋನು ಇಟ್ಟರೇನೋ ಎಂದುಕೊಂಡೆ, ಯಂತ್ರದ ಸದ್ದು ಕೇಳುತ್ತಲೇ ಇತ್ತು.

"ನಲವತ್ತು ಅಕ್ಕ ಓದಿದ್ಲು," ಎಂದರು ಕೊನೆಗೆ. ನನಗೆ ಹೇಳಿದ ಹಾಗಿರಲಿಲ್ಲ.

"ಒಂದು ಪುಟ ಸಿಕ್ಕಿದೆ ಮಾಮಾ. ನಲವತ್ತೊಂದನೇದು. ಕೆರೆ ಇದೆ. ಅತ್ತೆ ಇದಾರೆ."

"ಚಪ್ಪಲಿ ಹಿಡಕೊಂಡು ನಾ ಅದೇನಿ ಇಲ್ಲೋ?"

"ಇದೀರಿ."

"ಬಸ್ ಬಂದೈತೇನು?"

"ಇಲ್ಲ. ಧೂಳು ಅಷ್ಟೇ."

"ಹಂ. ಮೊದಲ್ನೇ ಪುಟ ಅದು."

ಕ್ಷಮಿಸಿ ಎನ್ನಬೇಕಿತ್ತು, ಬಾಯಿಗೆ ಬರಲಿಲ್ಲ. ನೀನು ಹೀಗೆ ಮಾಡಬಾರದಿತ್ತು ಎಂದು ಅವರೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಗಂಗಾ ಪುಟವನ್ನು ಹಿಡಿದುಕೊಂಡೇ ಬಂದು ನನ್ನ ಸೀರೆ ಜಗ್ಗುತ್ತಿದ್ದಳು. "ಮಾಮಾಜ್ಜನಾ? ಮುಂದಿಂದು ಕೇಳು, ಕೇಳು."

ಅವಳ ದನಿ ಅಲ್ಲಿಗೆ ಕೇಳಿಸಿರಬೇಕು.

"ಆಕಿ ಕೈಯಾಗ ಐತೇನು ಆ ಹಾಳಿ?"

"ಹೌದು."

"ಫೋನ್ ಆಕಿಗೆ ಕೊಡು."

ಕೊಟ್ಟೆ. ಗಂಗಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ನೆಲದ ಮೇಲೆ ಪುಟವನ್ನಿಟ್ಟು, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಮಾಮಾ ಏನು ಹೇಳುತ್ತಿದ್ದಾರೆ ಎಂಬುದು ನನಗೆ ಕೇಳಿಸುತ್ತಿರಲಿಲ್ಲ. ಅವಳ ಉಸಿರು ಕೇಳುತ್ತಿತ್ತು, ಅದರಲ್ಲಿ ಸುಂಯ್ ಇರಲಿಲ್ಲ. ಅವಳು ಕೊನೆಯ ಚೌಕದ ಧೂಳನ್ನೇ ನೋಡುತ್ತ ತುಂಬ ಹೊತ್ತು ಸುಮ್ಮನೆ ಕೇಳಿದಳು.

ಆಮೇಲೆ "ಹೂಂ" ಎಂದಳು.